ಸರದಾರ ತಿರುಗಿಬಿದ್ದ ಕಾರಣ

ಘೋಡಗೇರಿಯಲ್ಲಿ ಉದ್ದಪ್ಪನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಚಹಾದ ಅಂಗಡಿಯ ಮುಂದೆ ಹಾದರೆ ಸಾಕು, ಒಳಗಿನಿಂದ ಯಾರಾದರೊಬ್ಬ, "ಏನ್ರಿ ಸರದಾರ್ರ, ಇವತ್ತ ಯಾವ ಪಾರ್ಟಿ?" ಎಂದು ಕೇಳಿಯೇ ಕೇಳುತ್ತಾನೆ. ಉಳಿದವರು ನಗುತ್ತಾರೆ. ನಲವತ್ತು ವರ್ಷದಿಂದ ಅದೇ ಮಾತು, ಅದೇ ನಗು. ಹೊಸ ಚ್ಯಾಷ್ಟಿ ಹುಡುಕಲು ಊರಿಗೆ ಪುರಸೊತ್ತಿಲ್ಲವೋ ಬುದ್ಧಿಯಿಲ್ಲವೋ ಯಾರಿಗೆ ಗೊತ್ತು.

ಚ್ಯಾಷ್ಟಿ ಹುಟ್ಟಿದ್ದು 'ಕಂಚಿನಗಡದ ಗಾದಿ' ನಾಟಕದಿಂದ. ಊರಿನ ನಾಟ್ಯ ಸಂಘ ವರ್ಷಕ್ಕೊಮ್ಮೆ ತಪ್ಪದೆ ಆಡುವ ನಾಟಕ ಅದು. ಸಾಯಲು ಮಲಗಿದ ದೊರೆ ಮುದಿ ಸರದಾರ ಭೀಮನಾಯಕನ ಕೈ ಹಿಡಿದು, ನನ್ನ ಮಗಳು ಚಂದ್ರಾದೇವಿಯನ್ನೇ ಗಾದಿಗೆ ಕೂಡಿಸು ಎಂದು ಆಣೆ ಕೇಳುತ್ತಾನೆ. ಸರದಾರ ಕಣ್ಣೀರು ಹಾಕಿ ಆಣೆ ಕೊಡುತ್ತಾನೆ. ಎರಡು ಪ್ರವೇಶ ಕಳೆಯುವುದರೊಳಗೆ ದೊರೆಯ ತಮ್ಮನ ಮಗ ರಣಸಿಂಗ ದಂಡು ಕಟ್ಟಿಕೊಂಡು ಬಂದು ನಿಲ್ಲುತ್ತಾನೆ. ಮೂರು ಮಾರು ದೂರದಿಂದ ಕೈ ಮುಗಿದು 'ಹರಸಿರಿ' ಅನ್ನುತ್ತಾನೆ. ಅಷ್ಟಕ್ಕೇ ಸರದಾರ ಆಣೆಯನ್ನು ಗಾಳಿಗೆ ತೂರಿ ಕಿರೀಟವನ್ನು ಅವನ ಕೈಗೆ ಕೊಟ್ಟುಬಿಡುತ್ತಾನೆ. ಯಾಕೆ ಕೊಟ್ಟ ಎಂದು ನೋಡುವವರಿಗೆ ತಿಳಿಯುವುದಿಲ್ಲ. ಲಂಚ ತಿಂದ, ಹೆದರಿದ, ಗಾಳಿ ಬಂದ ಕಡೆ ತೂರಿಕೊಂಡ ಎಂದು ಮಂದಿ ಬಾಯಿಗೆ ಬಂದದ್ದು ಒದರುತ್ತಾರೆ, ಶೇಂಗಾದ ಸಿಪ್ಪೆ ಎಸೆಯುತ್ತಾರೆ. ಸಿಪ್ಪೆ ಬೀಳುವುದು ಭೀಮನಾಯಕನ ಮೇಲಲ್ಲ, ಆ ಪಾರ್ಟು ಮಾಡುವ ಉದ್ದಪ್ಪನ ಮೇಲೆ.

ಆದರೆ ನಾಟಕದ ಪ್ರತಿಯಲ್ಲಿ ಕಾರಣವಿದೆ. ಸಂಘದಲ್ಲಿ ನಾಟಕ ಕಲಿಸುವ ಮಾಸ್ತರ ಪಾಯಪ್ಪ ಸಾವ್ಕಾರರ ತಂದೆ ತಮ್ಮ ಕೈಯಾರೆ ಬರೆದ ನಾಟಕ ಅದು. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಆ ಒಂದೇ ಪ್ರತಿ ಸಂಘದ ಹತ್ತಿರ ಇರುವುದು. ಆ ಪ್ರವೇಶದಲ್ಲಿ ಅವರು ಸ್ಪಷ್ಟವಾಗಿ ಬರೆದಿದ್ದರು: 'ರಣಸಿಂಗನು ಸರದಾರನ ಪಾದ ಹಿಡಿಯುವನು.' ಹಿಡಿದು ಹೇಳಬೇಕಾದ ಮಾತೂ ಇತ್ತು: 'ಕಾಕಾ, ಈ ಕಾಲು ನಡೆದಲ್ಲೆಲ್ಲ ನಮ್ಮ ರಾಜ್ಯವಾಯಿತು. ಈ ಕಾಲನ್ನು ಮಾತ್ರ ನಮ್ಮ ಮನೆತನ ಒಮ್ಮೆಯೂ ನೋಡಲಿಲ್ಲ.' ಮೂವತ್ತು ಗಾಯ ತಿಂದು ಒಂದು ಒಳ್ಳೆಯ ಮಾತು ಕಾಣದ ಮುದುಕ ಅಲ್ಲಿ ಕರಗುತ್ತಾನೆ. ತಪ್ಪೋ ಸರಿಯೋ, ಆಣೆ ಮುರಿಯಲು ಅವನಿಗೊಂದು ಕಾರಣ ಸಿಗುತ್ತದೆ.

ಆ ಎರಡು ಸಾಲಿನ ಮೇಲೆ ನೀಲಿ ಶಾಯಿಯ ಗೆರೆ ಬಿದ್ದದ್ದು ಎಂಬತ್ತನಾಲ್ಕರಲ್ಲಿ. ಸರದಾರನ ಪಾರ್ಟು ಮಾಡುತ್ತಿದ್ದವನು ಊರು ಬಿಟ್ಟು ಹೋಗಿದ್ದ. ಪಾಯಪ್ಪನವರು ಆಗ ಹರೆಯದವರು, ಸಂಘದ ಹೊಸ ಮಾಸ್ತರರು, ರಣಸಿಂಗನ ಪಾರ್ಟು ಅವರದೇ. ಕೆಳಗಿನ ಓಣಿಯ ಉದ್ದಪ್ಪನ ಅಪ್ಪ ಊರಿಗೆ ಡಂಗುರ ಸಾರುವವನು. ಅಪ್ಪನ ದನಿ ಮಗನಿಗೆ ಬಂದಿತ್ತು, ಅಗಸಿಯಲ್ಲಿ ಕೂಗಿದರೆ ಹೊಳೆಯ ದಂಡೆಗೆ ಕೇಳಿಸುವಂಥದು. ಪಾಯಪ್ಪನವರು ಹಟ ಹಿಡಿದು ಅವನನ್ನು ಕರೆತಂದರು. ಹಿರಿಯರು ಗುರುಗುಟ್ಟಿದರು. ಪಾರ್ಟು ಬೇಕಾದರೆ ಕೊಡು, ಸಾವ್ಕಾರ ಮನೆತನದವನು ಆ ಓಣಿಯವನ ಕಾಲು ಹಿಡಿಯುವುದು ಮಾತ್ರ ಆಗದ ಮಾತು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಪಾಯಪ್ಪನವರು ಪೆನ್ನು ತೆಗೆದರು. "ಈ ವರ್ಷ ಇಷ್ಟ ಆಗಲಿ, ಉದ್ದಪ್ಪ. ಮುಂದಿನ ವರ್ಷ ನೋಡೋಣು," ಎಂದರು.

ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಆಗ ಮೂವತ್ತರ ಉದ್ದಪ್ಪ ತಲೆಗೆ ಬಿಳಿ ಬಣ್ಣ ಬಳಿದುಕೊಂಡು ಮುದುಕನಾಗುತ್ತಿದ್ದ. ಈಗ ಎಪ್ಪತ್ತು, ಬಣ್ಣದ ಖರ್ಚು ಉಳಿಯಿತು. ಸಿಪ್ಪೆ ಮಾತ್ರ ಬೀಳುತ್ತಲೇ ಇದೆ.

ಈ ವರ್ಷ ಪಾಯಪ್ಪನವರು ಮಾಸ್ತರಿಕೆ ಬಿಡುವುದೆಂದು ಆಯಿತು. ಮನೆಯವರು ಮನೆಯವರಿಗೇ ಕೊಟ್ಟುಕೊಂಡರೆ ನಾಟಕ ಹೊಲ-ಮನೆಯ ಹಾಗೆ ಆಸ್ತಿಯಾಗುತ್ತದೆ ಎಂದು ಅವರ ತಂದೆ ಒಂದು ರಿವಾಜು ಹಾಕಿದ್ದರು. ಹಳೆಯ ಮಾಸ್ತರ ಪ್ರತಿಯನ್ನು ಹಿರಿಯ ನಟನಿಗೆ ಒಪ್ಪಿಸಬೇಕು. ಆ ನಟ ತಾಲೀಮಿನ ಮೊದಲ ದಿನ ಎಲ್ಲರೆದುರು ಯಾರ ಕೈಗೆ ಇಡುತ್ತಾನೋ ಅವರೇ ಮಾಸ್ತರು. ಹಿರಿಯ ನಟ ಉದ್ದಪ್ಪ. ಕೊಡಬೇಕಾದದ್ದು ಯಾರಿಗೆ ಎಂಬುದೂ ಊರಿಗೆ ಗೊತ್ತಿತ್ತು: ಪಾಯಪ್ಪನವರ ಮಗಳು ಮೇಘಾಗೆ. ಹುಕ್ಕೇರಿಯ ಸಾಲಿಯಲ್ಲಿ ಟೀಚರು, ಹತ್ತು ವರ್ಷದಿಂದ ಪರದೆಯ ಬದಿಗೆ ಕೂತು ಪ್ರತಿ ಹಿಡಿದು ನಟರಿಗೆ ಮಾತು ಹೇಳಿಕೊಡುವವಳು. ಬೇಸಿಗೆಯಲ್ಲೇ ಪಾಯಪ್ಪನವರು ಉದ್ದಪ್ಪನನ್ನು ಮನೆಗೆ ಕರೆಸಿ ಪ್ರತಿ ಒಪ್ಪಿಸಿ, "ನನ್ನ ಮಗಳ ಕೈಯಾಗ ಇಡ್ತೀ ಹೌದಿಲ್ಲೋ?" ಎಂದು ಕೇಳಿದ್ದರು. "ಇಡ್ತೇನ್ರಿ," ಎಂದಿದ್ದ. ಮಾತು ಕೊಟ್ಟದ್ದು ಖರೆ. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಬಂದವನು ಗೊಮ್ಮಟೇಶ, ಪಾಯಪ್ಪನವರ ತಮ್ಮನ ಮಗ. ಯಮಕನಮರಡಿಯಲ್ಲಿ ಹೈವೇ ಬಾಜೂ ಅವನ ಟ್ರಾನ್ಸ್‌ಪೋರ್ಟ್ ಆಫೀಸು, ಎಂಟು ಲಾರಿ. ಮುಂದಿನ ಜಿಲ್ಲಾ ಪಂಚಾಯತಿಗೆ ನಿಲ್ಲುವ ಹುಮ್ಮಸ್ಸು. ಇಷ್ಟು ದಿನ 'ಏ ಉದ್ದಪ್ಪಾ' ಎನ್ನುತ್ತಿದ್ದ ಬಾಯಿಗೆ ಆ ಸಂಜೆ 'ಕಾಕಾ' ಎಲ್ಲಿಂದ ಬಂತೋ. ಉದ್ದಪ್ಪನ ಮನೆಯ ಕಟ್ಟೆಯ ಮೇಲೆ ಕೂತ, ಅವನ ಹೆಂಡತಿ ಇಂದ್ರವ್ವ ಕೊಟ್ಟ ಚಹಾ ಪೂರ್ತಿ ಕುಡಿದ.

"ಕಾಕಾ, ಆ ಗೆರಿ ಹೊಡದ ಸಾಲು ನಾ ಓದೇನಿ," ಎಂದ. "ನಲವತ್ತು ವರ್ಷ ನಿಮಗ ಅನ್ಯಾಯ ಆಗೇತಿ. ದೊಡ್ಡಪ್ಪಗ ಧೈರ್ಯ ಇರಲಿಲ್ಲ. ನಾ ಮಾಸ್ತರ ಆಗಿ ರಣಸಿಂಗನ ಪಾರ್ಟು ಮಾಡಿದ್ರ ಸಾವಿರ ಮಂದಿ ಮುಂದ ನಿಮ್ಮ ಪಾದ ಹಿಡಿತೇನಿ. ಪ್ರತಿ ನನ್ನ ಕೈಯಾಗ ಇಡ್ರಿ, ಅಷ್ಟ."

ಉದ್ದಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಲವತ್ತು ವರ್ಷದಲ್ಲಿ ಆ ಸಾಲನ್ನು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಇವನು. ಕಳ್ಳನಾದರೂ ಹೇಳಿದನಲ್ಲ.

ಗೊಮ್ಮಟೇಶನ ಕಾರು ಓಣಿ ದಾಟುವುದೇ ತಡ, ಇಂದ್ರವ್ವ ಶುರು ಮಾಡಿದಳು. ಅವಳ ನಾಲಿಗೆಗೆ ಸಾಣೆ ಬೇಕಿಲ್ಲ.

"ಮೂಗಿಗಿ ತುಪ್ಪಾ ಹಚ್ಚಿ ಹ್ವಾದ. ನೆಕ್ಕಾಕ ನಿಮ್ಮ ನಾಲಿಗಿ ಮುಟ್ಟಂಗಿಲ್ಲ, ನೋಡ್ರಿ."

"ನೀ ಸುಮ್ನಿರು."

"ಯಾಕ ಸುಮ್ನಿರ್ಲಿ? ನಮ್ಮ ಮಗ ಅಜಿತ ಗೋಕಾಕ ಕೋರ್ಟಿನಾಗ ವಕೀಲ ಅದಾನ. ಇದ ಗೊಮ್ಮಟೇಶ ಲಾರಿ ಕೇಸಿನಾಗ ಅವನ ಮುಂದ ಕೈ ಕಟ್ಕೊಂಡು ನಿಂತಿದ್ದ. ಅಷ್ಟ ಸಾಲದೇನು ನಿಮಗ? ಬಣ್ಣಾ ಹಚ್ಕೊಂಡಾವ ಬಣ್ಣಾ ಹಚ್ಕೊಂಡಾವನ ಕಾಲು ಹಿಡದ್ರ ಏನ ಬಂತು?"

"ಅಲ್ಲಿ ಕೇಸಿಗಿ ನಿಂತಿದ್ದ. ಊರ ಮುಂದ ಅಲ್ಲ," ಎಂದ ಉದ್ದಪ್ಪ. ಸಿಪ್ಪೆ ಎಸೆದದ್ದು ಊರು. ನಿಂತು ನೋಡಬೇಕಾದದ್ದೂ ಊರೇ ಎಂದು ಅವನ ಲೆಕ್ಕ. ಅವಳು ಚಹಾದ ಲೋಟ ತೊಳೆಯಲು ಹೋದಳು.

ತಾಲೀಮಿನ ಮೊದಲ ದಿನ ಸಮುದಾಯ ಭವನದಲ್ಲಿ ಮೂವತ್ತು ಮಂದಿ ಸೇರಿದ್ದರು. ಮೇಘಾ ಹೊಸ ಸೀರೆ ಉಟ್ಟು ಅಪ್ಪನ ಪಕ್ಕ ಕೂತಿದ್ದಳು. ಉದ್ದಪ್ಪ ಕೆಂಪು ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದ. ಅವಳತ್ತ ಹೋದ. ಅವಳು ಸೆರಗು ಸರಿಮಾಡಿಕೊಂಡು ಏಳಹೊರಟಳು. ಅವನು ಅವಳನ್ನು ದಾಟಿ, ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತ ಕೂತಿದ್ದ ಗೊಮ್ಮಟೇಶನ ಕೈಯಲ್ಲಿ ಗಂಟು ಇಟ್ಟ.

ಹಿಂದಿನಿಂದ ಯಾರೋ, "ಸರದಾರ ಖರೇನ ತಿರುಗಿಬಿದ್ನೋ," ಎಂದು ನಕ್ಕರು.

ಪಾಯಪ್ಪನವರು ಎದ್ದು ಬಂದರು. "ಉದ್ದಪ್ಪ, ನಿನಗ ಪಾರ್ಟು ಕೊಟ್ಟಾವ ಯಾರೋ?"

"ನೀವರಿ."

"ಊರೆಲ್ಲಾ ಎದುರ ಹಾಕ್ಕೊಂಡು ಕೊಟ್ಟೆ. ಹೌದಿಲ್ಲೋ?"

"ಹೌದ್ರಿ, ಕೊಟ್ರಿ. ಕಾಲು ಕಡಕೊಂಡು ಕೊಟ್ರಿ."

ಪಾಯಪ್ಪನವರಿಗೆ ತಿಳಿಯಿತು. ತಿಳಿದದ್ದು ಮುಖದಲ್ಲಿ ಕಂಡಿತು. ಆದರೂ ತಿಳಿಯದವರ ಹಾಗೆ, "ಉಂಡ ಮನಿಗಿ ಎರಡು ಬಗೀಬಾರದೋ," ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಉಂಡ ಮನೆಯಂತೆ. ಆ ಮನೆಯಲ್ಲಿ ಉದ್ದಪ್ಪ ಉಂಡದ್ದು ಯಾವಾಗಲೂ ಹಿತ್ತಲ ಕಟ್ಟೆಯಲ್ಲಿ.

ಮೇಘಾ ಅವನನ್ನು ಬಸ್ ನಿಲ್ದಾಣದ ಹತ್ತಿರ ಹಿಡಿದಳು. ಚಿಕ್ಕಂದಿನಿಂದಲೂ ಅವಳಿಗೆ ಅವನು ಕಾಕಾ. ಅವಳ ಬಾಯಲ್ಲಿ ಆ ಮಾತು ಹೊಸದಲ್ಲ. ಅದಕ್ಕೇ ಅವಳ ಮುಂದೆ ನಿಲ್ಲುವುದು ಅವನಿಗೆ ಕಷ್ಟವಾಯಿತು.

"ಕಾಕಾ, ಒಂದ ಮಾತ ನನ್ನ ಕೇಳಬೇಕಿತ್ತು. ಆ ಗೆರಿ ನಾನ ತಗದು ಹಾಕ್ತಿದ್ದೆ."

"ಕೇಳಬೇಕಿತ್ತೇನವ್ವಾ?" ಉದ್ದಪ್ಪ ಅವಳನ್ನೇ ನೋಡಿದ. "ಹತ್ತು ವರ್ಷ ನೀ ಅದ ಪ್ರತಿ ಓದಿದಿ. ಆ ಸಾಲು ಬಂದಾಗೊಮ್ಮೆ ಬಿಟ್ಟು ಮುಂದ ಓದಿದಿ. ಗೆರಿ ನಿನ್ನ ಕಣ್ಣಿಗಿ ಬೀಳಲಿಲ್ಲೇನು?"

ಅವಳ ಕಣ್ಣು ತುಂಬಿತು. ಸಿಟ್ಟಿಗೋ ನಾಚಿಕೆಗೋ ಅವನಿಗೆ ಗೊತ್ತಾಗಲಿಲ್ಲ. "ಗೊಮ್ಮಟೇಶಣ್ಣ ಏನ ಅದಾನ ಅಂತ ನಿಮಗ ಗೊತ್ತಾಗ್ತೈತಿ," ಎಂದಷ್ಟೇ ಹೇಳಿ ಹುಕ್ಕೇರಿ ಬಸ್ಸು ಹತ್ತಿದಳು.

ಗೊತ್ತಾಗುತ್ತ ಹೋಯಿತು ಕೂಡ. ತಾಲೀಮು ಒಂದೂವರೆ ತಿಂಗಳು ನಡೆಯಿತು. ಆ ಪ್ರವೇಶ ಬಂದಾಗೆಲ್ಲ ಗೊಮ್ಮಟೇಶ ಕೈ ಬೀಸಿ, "ಇಲ್ಲಿ ಪಾದ ಹಿಡಿಯೂದು ಐತಿ, ಮುಂದ ನಡೀರಿ," ಎನ್ನುತ್ತಿದ್ದ. ಒಂದು ದಿನ ಉದ್ದಪ್ಪ ತಡೆಯಲಾರದೆ ಕೇಳಿಯೇಬಿಟ್ಟ. "ಕಾಕಾ, ತಾಲೀಮಿನಾಗ ಹಿಡದು ಹಿಡದು ಹಳಸಬಾರದು. ರಂಗದ ಮ್ಯಾಲ ಹೊಸಾದು ಇರ್ಲಿ," ಎಂದ ಗೊಮ್ಮಟೇಶ. ಮಾತು ಬೆಣ್ಣೆಯಂತಿತ್ತು. ಇನ್ನೊಂದು ದಿನ, ಸಂಘದಲ್ಲಿ ಮೇಘಾಳ ಮಾತೆತ್ತಿದ ಇಬ್ಬರು ಹುಡುಗರ ಪಾರ್ಟು ಕಿತ್ತು ತನ್ನ ಲಾರಿ ಡ್ರೈವರುಗಳಿಗೆ ಕೊಟ್ಟ. ಉದ್ದಪ್ಪ ನೋಡಿಯೂ ನೋಡದವನಂತೆ ಇದ್ದ. ಸತ್ಯ ಹೇಳಬೇಕೆಂದರೆ ಅವನಿಗೆ ಆಗ ಬೇಕಾದದ್ದು ನ್ಯಾಯವಲ್ಲ, ತನ್ನ ಕಾಲ ಮೇಲೆ ಎರಡು ಕೈ. ಅದಕ್ಕಾಗಿ ಕೊಟ್ಟ ಮಾತು ಮುರಿದಿದ್ದ. ಇನ್ನು ಅನುಮಾನ ಪಟ್ಟರೆ ಮುರಿದದ್ದೂ ದಂಡ.

ಈ ವರ್ಷದ ಆಟ ಮೂಡಲಗಿಯ ನಾಟಕ ಸ್ಪರ್ಧೆಯಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ ಘೋಡಗೇರಿಯ ಸರದಿ. ಅಂದು ಬೆಳಿಗ್ಗೆ ಉದ್ದಪ್ಪ ಬಚ್ಚಲ ಕಲ್ಲಿನ ಮೇಲೆ ಕೂತು ಹಿಮ್ಮಡಿ ಉಜ್ಜಿಯೇ ಉಜ್ಜಿದ. ಉಗುರು ತೆಗೆದ. ಕೊಬ್ಬರಿ ಎಣ್ಣೆ ಹಚ್ಚಿದ. ಇಂದ್ರವ್ವ ಬಾಗಿಲಲ್ಲಿ ನಿಂತು ನೋಡಿದಳು. "ಮದಿವ್ಯಾಗೂ ಇಷ್ಟ ತಿಕ್ಕೊಂಡಿರಲಿಲ್ಲ," ಎಂದಳು. ಆಮೇಲೆ ತಾನೇ ಇನ್ನೊಂದು ತಂಬಿಗೆ ನೀರು ಸುರಿದಳು.

ಪೆಂಡಾಲು ತುಂಬಿತ್ತು, ಅರ್ಧಕ್ಕರ್ಧ ಘೋಡಗೇರಿಯವರೇ. ಮುಂದಿನ ಸಾಲಿನ ಒಂದು ತುದಿಗೆ ಸತ್ಕಾರಕ್ಕೆಂದು ಕರೆಸಿದ್ದ ಪಾಯಪ್ಪನವರು, ಪಕ್ಕದಲ್ಲಿ ಮೇಘಾ. ಇನ್ನೊಂದು ತುದಿಗೆ ಅಂಕಲಗಿಯಿಂದ ಬಂದ ಗೊಮ್ಮಟೇಶನ ಬೀಗರು, ಅವರ ಪಕ್ಕ ಚುನಾವಣೆಗೆ ಬೇಕಾದ ನಾಲ್ಕಾರು ಹಿರಿಯರು. ಪರದೆಯ ಸಂದಿಯಿಂದ ಗೊಮ್ಮಟೇಶ ಅವರನ್ನು ಎರಡು ಸಲ ಇಣುಕಿ ನೋಡಿದ್ದನ್ನು ಉದ್ದಪ್ಪ ಕಂಡ.

ನಾಟಕ ಚೆನ್ನಾಗಿಯೇ ನಡೆಯಿತು. ಸಾಯುವ ದೊರೆಗೆ ಸರದಾರ ಆಣೆ ಕೊಟ್ಟಾಗ ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಆ ಪ್ರವೇಶ ಬಂತು. ನಡುವೆ ಖಾಲಿ ಗಾದಿ, ಎಡಕ್ಕೆ ಚಂದ್ರಾದೇವಿ, ಬಲಕ್ಕೆ ಕಿರೀಟ ಹಿಡಿದು ಬರಿಗಾಲಲ್ಲಿ ನಿಂತ ಭೀಮನಾಯಕ. ರಣಸಿಂಗ ಕತ್ತಿ ಕೆಳಗಿಟ್ಟು ಬಂದ. ಸರದಾರನ ಮುಂದೆ ನಿಂತ. ಬಗ್ಗಿದ.

ಉದ್ದಪ್ಪ ಕಣ್ಣು ಮುಚ್ಚಿದ್ದ. ಕಾಲ ಮೇಲೆ ಏನೂ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದ. ಗೊಮ್ಮಟೇಶನ ಕೈ ಅವನ ಹೆಬ್ಬೆರಳಿನಿಂದ ಒಂದು ಗೇಣು ಈಚೆಗೆ ಹಲಗೆಯ ಮೇಲಿತ್ತು. ನಟರು ರಂಗ ಹತ್ತುವಾಗ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರಲ್ಲ, ಹಾಗೆ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದ. ಯಾರು ಕೇಳಿದರೂ ರಂಗಕ್ಕೆ ನಮಸ್ಕಾರ ಮಾಡಿದೆ ಎನ್ನಬಹುದು. ಪಾದ ಹಿಡಿದು ಹೇಳಬೇಕಾದ ಮಾತನ್ನೂ ನುಂಗಿ, 'ಹರಸಿರಿ, ಕಾಕಾ' ಎಂದು ಕಿರೀಟಕ್ಕೆ ಕೈಚಾಚಿದ. ಮಾತಾಡಿದ್ದು ಸರದಾರನಿಗೆ, ಕಣ್ಣು ಮುಂದಿನ ಸಾಲಿನ ಮೇಲೆ.

ನಲವತ್ತು ವರ್ಷ ಪಾಯಪ್ಪನವರು ಕಾಲು ಮುಟ್ಟಲಿಲ್ಲ, ಮುಟ್ಟಿದಂತೆ ನಾಟಕವನ್ನೂ ಆಡಲಿಲ್ಲ. ಇವನು ಅದನ್ನೂ ಆಡಿದ. ಉದ್ದಪ್ಪನ ಮೈ ಉರಿದುಹೋಯಿತು. ಈ ಒಂದು ಗೇಣು ಹಲಗೆಗಾಗಿ ಕೊಟ್ಟ ಮಾತು ತಿಂದೆನಲ್ಲ, ಆ ಹುಡುಗಿಯ ಮುಂದೆ ತಲೆತಗ್ಗಿಸಿದೆನಲ್ಲ ಎಂದು ತನ್ನ ಮೇಲೆಯೇ ಹೇಸಿಕೆಯಾಯಿತು.

ಕಿರೀಟ ಕೊಡುವ ಹೊತ್ತು ದಾಟಿತು. ಗೊಮ್ಮಟೇಶ ಹಲ್ಲು ಕಚ್ಚಿ, "ಕೊಡು," ಎಂದ. ಪರದೆಯ ಬದಿಯಿಂದ ಹೊಸ ಪ್ರಾಂಪ್ಟರು ಸರದಾರನ ಮಾತನ್ನು ಮೂರು ಸಲ ಹೇಳಿಕೊಟ್ಟ. ಉದ್ದಪ್ಪ ಇಬ್ಬರನ್ನೂ ಬಿಟ್ಟು ಪೆಂಡಾಲಿನ ಕಡೆ ತಿರುಗಿದ. ಅಪ್ಪನಿಂದ ಬಂದ ದನಿ ಅದು, ಮೈಕು ಬೇಕಿಲ್ಲ.

"ಕಂಚಿನಗಡದ ಮಹಾಜನರೇ, ಕೇಳಿರಿ. ರಣಸಿಂಗನು ಸರದಾರನ ಪಾದ ಹಿಡಿಯುವನು ಎಂದು ಬರೆದಿದೆ. ಹಿಡಿಯಲಿಲ್ಲ. ಬೇಡುವವನು ಬಗ್ಗಲಿಲ್ಲ, ಕೊಡುವವನು ಕೊಡಲಿಲ್ಲ."

ಕಿರೀಟವನ್ನು ಖಾಲಿ ಗಾದಿಯ ಮೇಲಿಟ್ಟು ಒಳಗೆ ನಡೆದ. ಪೆಂಡಾಲಿನಲ್ಲಿ ಮೊದಲು ಪಿಸುಮಾತು ಎದ್ದಿತು, ಆಮೇಲೆ ಹಿಂದಿನ ಸಾಲುಗಳಲ್ಲಿ ಚಪ್ಪಾಳೆ. ಸಿಪ್ಪೆ ಯಾರೂ ಎಸೆಯಲಿಲ್ಲ. ಪರದೆ ಎಳೆಯುವವನು ಏನು ಮಾಡಬೇಕೆಂದು ತೋಚದೆ ಪರದೆ ಎಳೆದುಬಿಟ್ಟ.

ಗೊಮ್ಮಟೇಶ ಹಿಂದೆಯೇ ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಬೀಗರ ಮುಂದ ನನ್ನ ಮಾನ ಕಳದೆಲ್ಲೋ ಮುದಕಾ. ನಿಮ್ಮಂಥಾವರನ್ನ ರಂಗದ ಮ್ಯಾಲ ಹತ್ತಿಸಿದ್ದ ತಪ್ಪು."

"ಕಾಕಾ ಎಲ್ಲಿ ಹೋತ್ರಿ, ಸಾವ್ಕಾರ್ರ?" ಎಂದು ಉದ್ದಪ್ಪ ಕೇಳಿದ. "ಈಗ ಇತ್ತು, ಇಷ್ಟರಾಗ ಹೋತು." ಯಾರೋ ಬಂದು ಬಿಡಿಸಿದರು. ಗೊಮ್ಮಟೇಶ ಬೈಯುತ್ತಲೇ ಬೀಗರಿಗೆ ಸಮಾಧಾನ ಹೇಳಲು ಹೊರಗೆ ಓಡಿದ.

ಅಷ್ಟರಲ್ಲಿ ಮಗಳ ಕೈ ಹಿಡಿದುಕೊಂಡು ಪಾಯಪ್ಪನವರು ಒಳಗೆ ಬಂದರು. ಒಂದೂವರೆ ತಿಂಗಳಿಂದ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದವರ ಮುಖ ಈಗ ಅರಳಿತ್ತು.

"ಭೇಷ್, ಉದ್ದಪ್ಪ. ನನ್ನ ಕಡಿ ಹೊಳ್ಳಿ ಬರ್ತೀ ಅಂತ ಗೊತ್ತಿತ್ತು ನನಗ. ಆ ಪ್ರತಿ ಇಸಕೊಂಡು ನಾಳಿ ಮೇಘಾನ ಕೈಯಾಗ ಇಡು. ಮುಗೀತು."

"ಹೊಳ್ಳಿ ಬಂದಿಲ್ರಿ ನಾ," ಎಂದ ಉದ್ದಪ್ಪ.

ಅಲ್ಲಿದ್ದ ಕಬ್ಬಿಣದ ಕುರ್ಚಿಯ ಮೇಲೆ ಕೂತ. ಪಾಯಪ್ಪನವರ ಎದುರು ಅವನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಎರಡೂ ಕಾಲನ್ನು ಮುಂದೆ ಚಾಚಿದ.

"ಗೆರಿ ಹೊಡದ ರಣಸಿಂಗ ನೀವು. ಹಿಡೀರಿ. ಪರದಿ ಮುಚ್ಚೇತಿ, ಊರು ನೋಡಂಗಿಲ್ಲ. ಇಲ್ಲಿ ಹಿಡದ್ರೂ ಸಾಕು ನನಗ."

ಬಣ್ಣ ಒರೆಸಿಕೊಳ್ಳುತ್ತಿದ್ದವರ ಕೈ ನಿಂತಿತು. ಪಾಯಪ್ಪನವರು ಕಾಲು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಎಲ್ಲೋ ಗೋಡೆ ನೋಡಿದರು.

"ಸೊಂಟ ಬಗ್ಗಂಗಿಲ್ಲೋ, ಉದ್ದಪ್ಪ. ವಯಸ್ಸಾತು."

ಮೇಘಾ ಅಪ್ಪನ ಕೈ ಬಿಟ್ಟು ಮುಂದೆ ಬಂದು ಬಗ್ಗಿದಳು. ಉದ್ದಪ್ಪ ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡ.

"ನೀ ಬ್ಯಾಡವ್ವಾ. ಇದು ನಿನ್ನ ಪಾರ್ಟು ಅಲ್ಲ," ಎಂದ. ಆಮೇಲೆ ಪಾಯಪ್ಪನವರತ್ತ ತಿರುಗಿದ. "ಸಾವ್ಕಾರ್ರ, ನಲವತ್ತು ವರ್ಷದ ಹಿಂದ ಬಗ್ಗತಿತ್ತಲ್ರಿ?"

ಪಾಯಪ್ಪನವರು ಮತ್ತೆ ಗೋಡೆಯ ಕಡೆ ತಿರುಗಿದರು. ಉದ್ದಪ್ಪ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹೊರಗೆ ಕಾಯುತ್ತಿದ್ದ ಇಂದ್ರವ್ವನ ಕಡೆ ನಡೆದ.